ಏರ್ ಪಿಸ್ತೂಲಿನಲ್ಲಿ ಮೊದಲು ಯಾವುದನ್ನು ಬದಲಿಸಬೇಕು?

ಕಾಳಿತೀರ, ಕಾರವಾರ

ಮಾನ್ಯರೇ, ನಾನು ಕಾರವಾರದಲ್ಲಿ ಪದವಿ ಓದುತ್ತಿರುವ ವಿದ್ಯಾರ್ಥಿನಿ. 10 ಮೀಟರ್ ಸ್ಪರ್ಧೆಯ ಅಭ್ಯಾಸಕ್ಕೆಂದು ಹಿರಿಯ ಕ್ರೀಡಾಪಟುವೊಬ್ಬರು ಬಳಸಿದ, ಗಾಳಿಯ ಸಿಲಿಂಡರ್ ಇರುವ 4.5 ಮಿ.ಮೀ. ಏರ್ ಪಿಸ್ತೂಲನ್ನು ಕೊಂಡಿದ್ದೇನೆ. ನಾನು ಬಲಗೈಯವಳು, ಸೀಸದ ಸಣ್ಣ ಗುಂಡುಗಳಾದ ಪೆಲೆಟ್‌ಗಳು ಬಹುಪಾಲು ಗುರಿಹಲಗೆಯ ಎಂಟು, ಒಂಬತ್ತು ಅಂಕದ ವೃತ್ತಗಳಲ್ಲಿ ಎಡಕ್ಕೆ ಸರಿದು ಬೀಳುತ್ತಿವೆ. ಮರದ ಹಿಡಿಯೂ ನನ್ನ ಅಂಗೈಗೆ ದೊಡ್ಡದೆನಿಸುತ್ತದೆ. ಹೊಸ ಹಿಡಿ, ಗುರಿ ನೋಡುವ ಹೊಸ ಸೈಟ್, ಹೊಸ ಟ್ರಿಗರ್ ಈ ಮೂರರಲ್ಲಿ ಒಂದಕ್ಕೆ ಮಾತ್ರ ಸಾಲುವಷ್ಟು ಹಣ ನನ್ನಲ್ಲಿದೆ. ಯಾವುದಕ್ಕೆ ಹಾಕಿದರೆ ಅಂಕ ಏರೀತು?

ಘಟ್ಟದ ಮೇಲಿನವರು, ಶಿರಸಿ

ತಂಗೀ, ಹಣ ತೆಗೆಯುವ ಮೊದಲು ದೋಷ ಪಿಸ್ತೂಲಿನದೋ ಕೈಯದೋ ಎಂದು ತಿಳಿದುಕೊಳ್ಳಿ. ಮುಂಗೈಯನ್ನು ಮರಳಿನ ಚೀಲದ ಮೇಲೆ ಊರಿ, ಒಂದೇ ಡಬ್ಬಿಯ ಪೆಲೆಟ್‌ಗಳಿಂದ ನಿಧಾನವಾಗಿ ಹೊಡೆದು ನೋಡಿ. ಹತ್ತರ ವೃತ್ತದ ವ್ಯಾಸ 11.5 ಮಿ.ಮೀ.; ತೂತುಗಳೆಲ್ಲ ಅದಕ್ಕಿಂತ ಚಿಕ್ಕ ಜಾಗದಲ್ಲಿ ಒಟ್ಟುಗೂಡಿದರೆ ಕೊಳವೆಯನ್ನೂ ಸೈಟನ್ನೂ ಮುಟ್ಟುವ ಅಗತ್ಯವಿಲ್ಲ. ಚದುರಿದರೆ ಬೇರೆ ತಯಾರಿಕೆಯ ಪೆಲೆಟ್ ಹಾಕಿ ಇದೇ ಪರೀಕ್ಷೆಯನ್ನು ಮತ್ತೆ ಮಾಡಿ.

ನನ್ನ ಖಚಿತ ಅಭಿಪ್ರಾಯವೆಂದರೆ ಹಣ ಹಿಡಿಗೇ ಹೋಗಬೇಕು. ಕಣ್ಣು ಮುಚ್ಚಿ ಖಾಲಿ ಪಿಸ್ತೂಲನ್ನು ಗುರಿಯ ಎತ್ತರಕ್ಕೆ ಎತ್ತಿ, ಆಮೇಲೆ ಕಣ್ಣು ತೆರೆಯಿರಿ. ಮುಂದಿನ ಸೈಟ್ ಹಿಂದಿನ ಸೈಟಿನ ಕಚ್ಚಿನ ನಡುವೆ ತಾನಾಗಿ ನಿಂತಿರದಿದ್ದರೆ, ಹಿಡಿ ನಿಮ್ಮ ಮಣಿಕಟ್ಟನ್ನು ಎತ್ತಲೋ ತಿರುಗಿಸುತ್ತಿದೆ ಎಂದರ್ಥ. ಎರಡು ಸೈಟ್‌ಗಳ ನಡುವಿನ ಅಂತರ ಸುಮಾರು 330 ಮಿ.ಮೀ. ಇದೆಯೆಂದು ಇಟ್ಟುಕೊಂಡರೆ, ಅವುಗಳ ಜೋಡಣೆಯಲ್ಲಿ ಬರುವ 0.1 ಮಿ.ಮೀ. ವ್ಯತ್ಯಾಸ ಗುರಿಹಲಗೆಯಲ್ಲಿ 3 ಮಿ.ಮೀ. ಆಗುತ್ತದೆ, ಒಂದೊಂದು ವೃತ್ತದ ಅಗಲ 8 ಮಿ.ಮೀ. ಮಾತ್ರ.

ಹೊಸ ಹಿಡಿಯನ್ನು ದೂರದಿಂದ ತರಿಸಲೇಬೇಕೆಂದಿಲ್ಲ. ನಮ್ಮ ಶಿರಸಿ, ಕುಮಟಾ ಕಡೆ ಮರ ಕೆತ್ತುವ ಗುಡಿಗಾರರ ಮನೆಗಳಿವೆ. ಅವರ ಉಳಿಗೆ ಅಂಗೈಯ ಉಬ್ಬುತಗ್ಗು ಕಷ್ಟದ ಕೆಲಸವಲ್ಲ. ಹಿಡಿಯನ್ನು ಪಿಸ್ತೂಲಿನಿಂದ ಬಿಚ್ಚಿ, ಅದನ್ನು ಮಾತ್ರ ಒಯ್ಯಿರಿ. ಇರುವ ಹಿಡಿಯಲ್ಲಿ ಒತ್ತುವ ಜಾಗವನ್ನು ಕೆತ್ತಿಸಿ, ಪೊಳ್ಳು ಇರುವ ಜಾಗಕ್ಕೆ ಎಪಾಕ್ಸಿ ಪುಟ್ಟಿ ತುಂಬಿಸಿದರೂ ಸಾಕಾಗಬಹುದು. ಆದರೆ ಅಂತರರಾಷ್ಟ್ರೀಯ ನಿಯಮದಂತೆ ಹಿಡಿ ಕೈಯನ್ನು ಸುತ್ತುವರಿಯಬಾರದು, ಮಣಿಕಟ್ಟಿಗೆ ಆಸರೆಯಾಗಬಾರದು, ಅಂಗೈ ಊರುವ ಹಲಗೆ ಮೇಲ್ಮುಖವಾಗಿ ಬಾಗಿರಬಾರದು. ಪಿಸ್ತೂಲಿನ ಒಟ್ಟು ತೂಕ 1500 ಗ್ರಾಂ ಮೀರುವಂತಿಲ್ಲವಾದ್ದರಿಂದ ಬೀಟೆಯಂಥ ಭಾರದ ಮರಕ್ಕಿಂತ ಹಗುರವಾದ ಶಿವಣೆ ಒಳ್ಳೆಯದು.

ಅಘನಾಶಿನಿ, ಕುಮಟಾ

ಶಿರಸಿಯವರ ಮಾತಿಗೆ ಕರಾವಳಿಯವನಾಗಿ ಒಂದಿಷ್ಟು ಸೇರಿಸುತ್ತೇನೆ. ನಮ್ಮ ಉಪ್ಪುಗಾಳಿಯಲ್ಲಿ, ಅದರಲ್ಲೂ ಮಳೆಗಾಲದ ನಾಲ್ಕು ತಿಂಗಳು, ಸ್ಪಂಜಿನ ಪೆಟ್ಟಿಗೆ ತೇವವನ್ನು ಹೀರಿ ಉಕ್ಕಿಗೆ ತಾಗಿಸುತ್ತದೆ. ಅಭ್ಯಾಸ ಮುಗಿದೊಡನೆ ಬೆವರನ್ನು ಒರೆಸಿ, ಉಕ್ಕಿನ ಭಾಗಗಳಿಗೆ ತೆಳುವಾಗಿ ಎಣ್ಣೆ ಸವರಿ, ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಇಡಿ. ಸೀಸದ ಪೆಲೆಟ್‌ಗಳ ಮೇಲೆ ಬಿಳಿಪುಡಿ ಕಂಡರೆ ಅವನ್ನು ಬಳಸಬೇಡಿ. ಕೆತ್ತಿಸಿದ ಮರ ತೇವಕ್ಕೆ ಉಬ್ಬುತ್ತದೆ. ಆಷಾಢದಲ್ಲಿ ಬಿಗಿಯೆಂದು ತೋರಿದ್ದು ಬೇಸಿಗೆಯಲ್ಲಿ ಸಡಿಲವಾಗಬಹುದು, ಆದ್ದರಿಂದ ಕೊನೆಯ ಹದವನ್ನು ಮಳೆ ನಿಂತ ಮೇಲೆ ಮಾಡಿಸಿ.

ಬಳಸಿದ ಪಿಸ್ತೂಲಾದ್ದರಿಂದ ಸಿಲಿಂಡರಿನ ಮೇಲೆ ಅಚ್ಚೊತ್ತಿರುವ ದಿನಾಂಕವನ್ನು ಇಂದೇ ನೋಡಿ. ಹಲವು ತಯಾರಕರು 10 ವರ್ಷದ ಅವಧಿ ಕೊಡುತ್ತಾರೆ, ಅವಧಿ ಮುಗಿಯದಂತೆ ನೋಡಿಕೊಳ್ಳುವ ಹೊಣೆ ಸ್ಪರ್ಧಿಯದೇ. ಅದು ಮೀರಿದ್ದರೆ ಹಿಡಿಗೂ ಮೊದಲು ಸಿಲಿಂಡರಿಗೆ ಹಣ ಹಾಕಬೇಕು, ಏಕೆಂದರೆ ಅದರೊಳಗೆ ಸುಮಾರು 200 ಬಾರ್ ಒತ್ತಡವಿರುತ್ತದೆ. ತುಂಬುವುದು ಒಣಗಾಳಿಯನ್ನು ಮಾತ್ರ; ಆಮ್ಲಜನಕವನ್ನು ಎಂದೂ ತುಂಬಿಸಬೇಡಿ.

ಕಾಳಿತೀರ, ಕಾರವಾರ

ಇಬ್ಬರಿಗೂ ಧನ್ಯವಾದಗಳು. ಸಿಲಿಂಡರಿನ ಅವಧಿ ಇನ್ನೂ ಇದೆ. ಮರಳಿನ ಚೀಲದ ಮೇಲಿಂದ ಹೊಡೆದಾಗ ತೂತುಗಳು ಹತ್ತರೊಳಗೇ ಕೂಡಿಬಂದವು. ಹಾಗಾದರೆ ಎಡಕ್ಕೆ ಸರಿಯುವುದು ಟ್ರಿಗರ್ ಗಡುಸಾಗಿರುವುದರಿಂದಲೇ? ಅದನ್ನು ಇನ್ನಷ್ಟು ಹಗುರ ಮಾಡಿಸಬಹುದೇ?

ಘಟ್ಟದ ಮೇಲಿನವರು, ಶಿರಸಿ

ಹಗುರ ಮಾಡಿಸಬೇಡಿ. ಈ ಸ್ಪರ್ಧೆಯಲ್ಲಿ ಟ್ರಿಗರ್ ಕನಿಷ್ಠ 500 ಗ್ರಾಂ ತೂಕವನ್ನು ಎತ್ತಿ ನಿಲ್ಲಬೇಕು. ತಪಾಸಣೆಯಲ್ಲಿ ತೂಕದ ಬಟ್ಟನ್ನು ತೂಗುಹಾಕಿ ನೋಡುತ್ತಾರೆ. ಆ ಮಿತಿಗಿಂತ ತುಸು ಮೇಲಿರುವುದೇ ಕ್ಷೇಮ.

ಎಡಕ್ಕೆ ಸರಿಯುವ ಕಾರಣ ನಿಮ್ಮ ಮೊದಲ ಬರಹದಲ್ಲೇ ಇದೆಯೆಂದು ನನಗೆ ತೋರುತ್ತದೆ. ಹಿಡಿ ದೊಡ್ಡದಾದಾಗ ತೋರುಬೆರಳಿನ ತುದಿ ಮಾತ್ರ ಟ್ರಿಗರಿಗೆ ಎಟಕುತ್ತದೆ, ಆಗ ಬೆರಳು ಅದನ್ನು ನೇರ ಹಿಂದಕ್ಕೆ ಎಳೆಯುವ ಬದಲು ಎಡಕ್ಕೆ ತಳ್ಳುತ್ತದೆ. ಸ್ಪರ್ಧೆಯ ಪಿಸ್ತೂಲುಗಳಲ್ಲಿ ಸಾಮಾನ್ಯವಾಗಿ ಟ್ರಿಗರಿನ ನಾಲಿಗೆಯನ್ನು ಸ್ಕ್ರೂ ಸಡಿಲಿಸಿ ಹಿಂದೆ ಮುಂದೆ ಸರಿಸಬಹುದು. ಬೆರಳಿನ ಮೊದಲ ಗೆಣ್ಣಿನ ಮೆತ್ತನೆಯ ಭಾಗ ಅದರ ಮೇಲೆ ನೇರವಾಗಿ ಕೂರುವಷ್ಟು ಹಿಂದಕ್ಕೆ ತನ್ನಿ, ಇದಕ್ಕೆ ಖರ್ಚಿಲ್ಲ. ಅನಂತರ ಪಿಸ್ತೂಲು ಖಾಲಿಯಿರುವುದನ್ನು ಖಚಿತಪಡಿಸಿಕೊಂಡು, ಬಿಳಿ ಗೋಡೆಯ ಎದುರು ಡ್ರೈ ಫೈರಿಂಗ್, ಅಂದರೆ ಪೆಲೆಟ್ ಇಲ್ಲದೆ ಟ್ರಿಗರ್ ಎಳೆಯುವ ಅಭ್ಯಾಸ, ಮಾಡುತ್ತ, ಟ್ರಿಗರ್ ಬಿಡುವ ಕ್ಷಣದಲ್ಲಿ ಮುಂದಿನ ಸೈಟ್ ಕದಲುವುದೇ ಎಂದು ಗಮನಿಸಿ. ಕದಲುವುದು ನಿಂತ ಬಳಿಕವೇ ಗುಡಿಗಾರರ ಬಳಿ ಹೋಗಿ, ಏಕೆಂದರೆ ಬೆರಳಿನ ಜಾಗ ನಿಶ್ಚಯವಾಗದೆ ಹಿಡಿಯನ್ನು ಎಲ್ಲಿ ಕೆತ್ತಬೇಕೆಂದು ಅವರಿಗೆ ಹೇಳಲು ಬಾರದು.