ಇಂಜೆಕ್ಷನ್ ಜಾಗದಲ್ಲಿ ನೋವಿಲ್ಲದ ಗಂಟು: ಸ್ಕ್ಯಾನ್ ಬೇಕೆ?

ಪ್ರಶ್ನೆ: ಡಾಕ್ಟರ್ ಸಾಹೇಬರಿಗೆ ನಮಸ್ಕಾರ. ನಾನು ರಾಣೆಬೆನ್ನೂರು ಕಡೆಯವನು. ವಯಸ್ಸು 54, ಸಕ್ಕರೆ ಕಾಯಿಲೆ ಬಂದು 12 ವರ್ಷವಾಯಿತು. ನಿಮಿರುವಿಕೆಯ ತೊಂದರೆಗೆ ಮಾತ್ರೆ ನಾಟದಿದ್ದಾಗ ಹುಬ್ಬಳ್ಳಿಯ ಮೂತ್ರರೋಗ ತಜ್ಞರೊಬ್ಬರು ಶಿಶ್ನಕ್ಕೇ ಚುಚ್ಚಿಕೊಳ್ಳುವ ಇಂಜೆಕ್ಷನ್ ಕಲಿಸಿಕೊಟ್ಟರು. ಎಂಟು ತಿಂಗಳಿಂದ ವಾರಕ್ಕೊಮ್ಮೆ ತೆಗೆದುಕೊಳ್ಳುತ್ತಿದ್ದೇನೆ, ಗುಣವಿದೆ. ಈಚೆಗೆ ಬಲಗಡೆ ಜೋಳದ ಕಾಳಿನಷ್ಟು ಗಂಟು ಕೈಗೆ ಸಿಗುತ್ತಿದೆ, ನೋವಿಲ್ಲ. ಅವರು ಸ್ಕ್ಯಾನಿಗೆ ಚೀಟಿ ಬರೆದುಕೊಟ್ಟರು. ಆದರೆ ಸೆಂಟರಿನಲ್ಲಿ ಗರ್ಭಿಣಿಯರೇ ಸಾಲಾಗಿ ಕುಳಿತಿದ್ದುದನ್ನು ನೋಡಿ ಬಾಗಿಲಿನಿಂದಲೇ ಮರಳಿದೆ. ನೋವಿಲ್ಲದ ಗಂಟಿಗೆ ಸ್ಕ್ಯಾನ್ ಬೇಕೇ ಬೇಕೆ?

ಉತ್ತರ: ಬೇಕು. ಸ್ಕ್ಯಾನ್ ಆಗಿ ನಿಮ್ಮ ವೈದ್ಯರು ನೋಡುವವರೆಗೆ ಇಂಜೆಕ್ಷನ್ ನಿಲ್ಲಿಸಿರಿ. ಅಲ್ಪ್ರೊಸ್ಟಡಿಲ್, ಪಪಾವರಿನ್ ಮುಂತಾದ ಔಷಧಗಳು ರಕ್ತನಾಳವನ್ನು ಹಿಗ್ಗಿಸಿ, ಒಳಗಿನ ಸ್ನಾಯುವನ್ನು ಸಡಿಲಿಸಿ ರಕ್ತ ತುಂಬಿಸುತ್ತವೆ; ಆದರೆ ಒಂದೇ ಜಾಗಕ್ಕೆ ಮತ್ತೆ ಮತ್ತೆ ಸೂಜಿ ಬಿದ್ದರೆ ಅಲ್ಲಿ ನಾರುಗಟ್ಟಿ ಗಟ್ಟಿ ಕಲೆಯಾಗುತ್ತದೆ, ಅದರಲ್ಲೂ ಪಪಾವರಿನ್‌ನಿಂದ ಈ ಅಪಾಯ ಹೆಚ್ಚು. ನಾರುಗಟ್ಟಿದ ಭಾಗ ಹಿಗ್ಗದ ಕಾರಣ ನಿಮಿರಿದಾಗ ಅಂಗ ಅತ್ತ ಬಾಗತೊಡಗುತ್ತದೆ. ನೋವಿಲ್ಲವೆಂದು ಸುಮ್ಮನಿರುವವರೇ ಕೊನೆಗೆ ಬಾಗಿದ ಮೇಲೆ ಬರುತ್ತಾರೆಂಬುದು ನನ್ನ ದೊಡ್ಡ ಚಿಂತೆ.

ಬೆರಳಿಗೆ ಎಲ್ಲ ಗಂಟೂ ಒಂದೇ, ವ್ಯತ್ಯಾಸ ತಿಳಿಯುವುದು ಸ್ಕ್ಯಾನಿನಲ್ಲಿ. ತಣ್ಣನೆಯ ಜೆಲ್ ಹಚ್ಚಿ ಪ್ರೋಬ್ (ಸ್ಕ್ಯಾನಿನ ಕೈಹಿಡಿ ಉಪಕರಣ) ಆಡಿಸಿದಾಗ, ಆರೋಗ್ಯವಂತ ಅಂಗಾಂಶ ಪರದೆಯ ಮೇಲೆ ಒಂದೇ ಸಮನಾದ ಬೂದು ಬಣ್ಣದಲ್ಲಿ ಕಾಣುತ್ತದೆ. ನಾರುಗಟ್ಟಿದ ಜಾಗ ಬೆಳ್ಳಗೆ ಹೊಳೆಯುತ್ತದೆ, ಸುಣ್ಣ ಕಟ್ಟಿದ್ದರೆ ಅದರ ಹಿಂದೆ ಕಪ್ಪು ನೆರಳು ಬೀಳುತ್ತದೆ. ಸೂಜಿ ತಾಗಿ ರಕ್ತ ಹೆಪ್ಪುಗಟ್ಟಿದ್ದರೆ ಸಾಮಾನ್ಯವಾಗಿ ಗಾಢವಾಗಿ ಕಾಣುತ್ತದೆ, ಅದು ಹೆಚ್ಚಾಗಿ ತಾನಾಗಿಯೇ ಕರಗುತ್ತದೆ. ಕೈಗೆ ಇನ್ನೂ ಸಿಗದ ಕಲೆಯೂ ಸ್ಕ್ಯಾನಿನಲ್ಲಿ ಸಿಕ್ಕಬಹುದು.

ಚೀಟಿಯಲ್ಲಿ ಡಾಪ್ಲರ್ ಎಂದೂ ಬರೆದಿದ್ದರೆ ಅಲ್ಲಿಯೇ ನಿಮಿರುವಂತೆ ಇಂಜೆಕ್ಷನ್ ಕೊಟ್ಟು ರಕ್ತ ಹರಿಯುವ ವೇಗ ಅಳೆಯುತ್ತಾರೆ. ಗರಿಷ್ಠ ವೇಗ ಸೆಕೆಂಡಿಗೆ 25 ಸೆಂ.ಮೀ.ಗಿಂತ ಕಡಿಮೆಯಿದ್ದರೆ ರಕ್ತ ಸಾಲದೆಂದೂ 35 ದಾಟಿದರೆ ಸಾಕಷ್ಟಿದೆಯೆಂದೂ ತಿಳಿಯುತ್ತಾರೆ. ಮನಸ್ಸು ಗಾಬರಿಯಲ್ಲಿದ್ದರೆ ಈ ಅಂಕಿಗಳೇ ಕೆಡುತ್ತವೆ; ಆದ್ದರಿಂದ ಮೊದಲೇ ಫೋನ್ ಮಾಡಿ, ಜನ ಕಡಿಮೆಯಿರುವ ಹೊತ್ತನ್ನು ಕೇಳಿ ಪಡೆಯಿರಿ, ಅದರಲ್ಲಿ ಸಂಕೋಚ ಬೇಡ. ನಿಮಿರುವಿಕೆ ಪೂರ್ತಿ ಇಳಿಯುವವರೆಗೆ ಅಲ್ಲಿಯೇ ಇದ್ದು, ಆಮೇಲೆ ಬಸ್ಸು ಹಿಡಿಯಿರಿ. ಮನೆಯಲ್ಲಾಗಲಿ ಅಲ್ಲಾಗಲಿ, 4 ತಾಸು ಕಳೆದರೂ ಇಳಿಯದಿದ್ದರೆ ನೇರವಾಗಿ ತುರ್ತು ವಿಭಾಗಕ್ಕೆ ಹೋಗಬೇಕು. ಬೆಳಗಾಗಲಿ ಎಂದು ಕಾಯಬಾರದು.

ಮರುಪ್ರಶ್ನೆ: ಧನ್ಯವಾದಗಳು ಸರ್. ನಾನು ಯಾವಾಗಲೂ ಬಲಗಡೆಯೇ ಚುಚ್ಚಿಕೊಳ್ಳುತ್ತಿದ್ದೆ. ಕಲೆ ಇದೆಯೆಂದರೆ ಚಿಕಿತ್ಸೆಯೇ ಮುಗಿಯಿತೆ?

ಉತ್ತರ: ಇಲ್ಲ. ವೈದ್ಯರು ಔಷಧ ಬದಲಿಸಬಹುದು, ನಿರ್ವಾತ ಪಂಪ್ (ಗಾಳಿ ಹೀರಿ ಅಂಗಕ್ಕೆ ರಕ್ತ ತುಂಬಿಸುವ ಸಾಧನ) ಸೂಚಿಸಬಹುದು, ಅಗತ್ಯವಿದ್ದರೆ ಇಂಪ್ಲಾಂಟ್ (ಶಸ್ತ್ರಚಿಕಿತ್ಸೆಯಿಂದ ಒಳಗೆ ಕೂರಿಸುವ ಸಾಧನ) ಕುರಿತು ಮಾತನಾಡಬಹುದು. ಮತ್ತೆ ಇಂಜೆಕ್ಷನ್‌ಗೆ ಒಪ್ಪಿದರೆ ಒಮ್ಮೆ ಎಡ, ಒಮ್ಮೆ ಬಲ ಎಂದು ಬದಲಿಸಿರಿ, ಸೂಜಿ ತೆಗೆದ ಮೇಲೆ ಐದು ನಿಮಿಷ ಒತ್ತಿ ಹಿಡಿಯಿರಿ. ಈ ಸಲದ ವರದಿಯನ್ನೂ ಚಿತ್ರಗಳನ್ನೂ ಜೋಪಾನವಾಗಿ ಇಟ್ಟುಕೊಳ್ಳಿರಿ. ಕಲೆ ಬೆಳೆದಿದೆಯೋ ಇಲ್ಲವೋ ಎಂಬುದನ್ನು ಮುಂದಿನ ಸ್ಕ್ಯಾನಿನಲ್ಲಿ ಅವುಗಳ ಜೊತೆ ಹೋಲಿಸಿಯೇ ಹೇಳಬೇಕಾಗುತ್ತದೆ.