ಅಪ್‌ಡೇಟ್: ನಮ್ಮ ನಾಟಕದ ಲಿಂಕ್ ಮತ್ತೆ ತೆರೆಯಿತು

ಡೊಂಬಿವಲಿಯ ನಮ್ಮ ಹವ್ಯಾಸಿ ತಂಡದ ನಾಟಕದ ವಿಡಿಯೊವನ್ನು ಆನ್‌ಲೈನ್‌ನಲ್ಲಿ ಏರಿಸಿ ಎಲ್ಲರಿಗೂ ಲಿಂಕ್ ಕಳಿಸಿದ್ದೆ. ಹಕ್ಕುಸ್ವಾಮ್ಯದ ದೂರು ಬಂದು ಅದು ಮುಚ್ಚಿಹೋಯಿತು, ಏನು ಮಾಡಲಿ ಎಂದು ಹನ್ನೆರಡು ದಿನಗಳ ಹಿಂದೆ ಇಲ್ಲಿ ಕೇಳಿದ್ದೆನಲ್ಲ? ನಿನ್ನೆ ರಾತ್ರಿ ತೆರೆದುಕೊಂಡಿತು.

ಹೆಸರು ಬದಲಿಸಿ ಮತ್ತೆ ಏರಿಸಿ ಎಂದವರ ಮಾತನ್ನು ಮೊದಲು ಕೇಳಿದೆ. ‘ಸಭೆಯ ಫೋಟೊ’ ಎಂದು ಹೆಸರಿಟ್ಟೆ. ಹಂಚಲು ಹೋದೊಡನೆ ತಡೆ. ಯಂತ್ರ ನೋಡುವುದು ಹೆಸರನ್ನಲ್ಲ, ಕಡತದ ಒಳಗಿನದನ್ನು ಲೆಕ್ಕಹಾಕಿ ತೆಗೆದ ‘ಹ್ಯಾಷ್’ ಎಂಬ ಬೆರಳಚ್ಚನ್ನು. ಟೊರೆಂಟ್‌ನಲ್ಲಿ, ಅಂದರೆ ಕಡತವನ್ನು ಬಳಕೆದಾರರ ಕಂಪ್ಯೂಟರ್‌ಗಳ ನಡುವೆಯೇ ನೇರವಾಗಿ ಹಂಚುವ ವಿಧಾನದಲ್ಲಿ, ಕಳಿಸಿ ಎಂಬ ಸಲಹೆಯನ್ನು ಕೈಬಿಟ್ಟೆ. ಎಪ್ಪತ್ತು ದಾಟಿದ ಮಾವನವರಿಗೆ ಅದನ್ನು ವಿವರಿಸುವ ತಾಳ್ಮೆ ನನಗಿಲ್ಲ.

ಫಲಿಸಿದ್ದು, ‘ತಕರಾರು ಯಾವ ಭಾಗದ್ದೆಂದು ಮೊದಲು ಓದಿ’ ಎಂಬ ಮಾತು. ನಾಟಕ ನಮ್ಮ ಸದಸ್ಯರೇ ಬರೆದದ್ದು, ಅದರ ಬಗ್ಗೆ ದೂರೇ ಇರಲಿಲ್ಲ. ಮಧ್ಯಂತರದಲ್ಲಿ ಚಹಾ ಲೋಟಗಳ ಸದ್ದಿನ ನಡುವೆ ಧ್ವನಿವರ್ಧಕದಲ್ಲಿ ಒಂದು ಸಿನಿಮಾ ಹಾಡು. ಕ್ಯಾಮೆರಾ ಆರಿಸಲು ಮರೆತವನು ನಾನು! ಆ ನಾಲ್ಕು ನಿಮಿಷ ಕತ್ತರಿಸಿ, ನಾಟಕಕಾರರ ಒಪ್ಪಿಗೆ ಪತ್ರ ಲಗತ್ತಿಸಿ ಉತ್ತರ ಬರೆದೆ.

ಹವ್ಯಾಸಿ ಸಂಘ ಟಿಕೆಟ್ ಇಲ್ಲದೆ ನಾಟಕ ಆಡುವುದಕ್ಕೆ 1957ರ ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಕಲಮಿನಲ್ಲಿ ವಿನಾಯಿತಿ ಇದೆಯಂತೆ. ಅದರ ಚಿತ್ರೀಕರಣವನ್ನು ಜಾಲದಲ್ಲಿ ಹಂಚುವುದು ಬೇರೆಯೇ ಮಾತು. 2013ರ ನಿಯಮಗಳ ಪ್ರಕಾರ, ದೂರುದಾರರು 21 ದಿನಗಳೊಳಗೆ ನ್ಯಾಯಾಲಯದ ಆದೇಶ ತರದಿದ್ದರೆ ತಡೆಹಿಡಿದದ್ದನ್ನು ಮತ್ತೆ ತೆರೆಯಬಹುದು. ನಾನು ಅಷ್ಟು ಕಾಯಬೇಕಾಗಲಿಲ್ಲ.

ಮಧ್ಯಂತರದಲ್ಲಿ ತಾವು ಕ್ಯಾಮೆರಾಕ್ಕೆ ಕೈಬೀಸಿದ್ದು ಕಾಣಿಸುತ್ತಿಲ್ಲವೆಂದು ಮಾವನವರು ಮಾತ್ರ ಮುನಿಸಿಕೊಂಡಿದ್ದಾರೆ.