ಲಿವರ್ ಸ್ಕ್ಯಾನ್‌ನಲ್ಲಿ 6 ಸೆಂ.ಮೀ. ಗಡ್ಡೆ: ಕೀವೋ, ಕ್ಯಾನ್ಸರೋ?

ಪ್ರಶ್ನೆ: ಮೇಡಂ, ನಮಸ್ಕಾರ. ನಾವು ದಾಸರಹಳ್ಳಿಯವರು. ನಮ್ಮಣ್ಣನಿಗೆ 44 ವರ್ಷ. ಹತ್ತು ದಿನದಿಂದ ಚಳಿಜ್ವರ, ಬಲಗಡೆ ಪಕ್ಕೆ ಕೆಳಗೆ ನೋವು, ಆ ಮಗ್ಗುಲಿಗೆ ಮಲಗೋಕೇ ಆಗ್ತಿಲ್ಲ. ಹೊಟ್ಟೆ ಸ್ಕ್ಯಾನಿಂಗ್ ರಿಪೋರ್ಟ್‌ನಲ್ಲಿ ಲಿವರಿನ ಬಲಭಾಗದಲ್ಲಿ 6 ಸೆಂ.ಮೀ. ಗಡ್ಡೆ ಅಂತ ಬರೆದು, "ಆಬ್ಸೆಸ್? ನಿಯೋಪ್ಲಾಸಂ?" ಅಂತ ಎರಡು ಪ್ರಶ್ನಾರ್ಥಕ ಹಾಕಿದಾರೆ. ಮೊದಲನೇದು ಕೀವುಗಡ್ಡೆ, ಎರಡನೇದು ಕ್ಯಾನ್ಸರ್ ಆಗಿರಬಹುದಾದ ಟ್ಯೂಮರ್ ಅಂತೆ. ಎರಡನೇ ಪದದ ಅರ್ಥ ಗೊತ್ತಾದಾಗಿಂದ ಅತ್ತಿಗೆ ಸರಿಯಾಗಿ ಊಟ ಮಾಡ್ತಿಲ್ಲ. ಸ್ಕ್ಯಾನ್ ಮಾಡಿದ ಡಾಕ್ಟರಿಗೇ ಗೊತ್ತಾಗಲಿಲ್ವಾ?

ಉತ್ತರ (ರೇಡಿಯಾಲಜಿಸ್ಟ್): ಅತ್ತಿಗೆಗೆ ಧೈರ್ಯ ಹೇಳಿ. ಆ ಡಾಕ್ಟರ್ ಪ್ರಾಮಾಣಿಕವಾಗಿ ಬರೆದಿದಾರೆ. ಕೀವು ಕಟ್ಟೋ ಮೊದಲ ದಿನಗಳಲ್ಲಿ ಆ ಜಾಗ ಗಟ್ಟಿ ಗಡ್ಡೆ ಥರಾನೇ ಕಾಣುತ್ತೆ. ಒಳಗೆ ಕೊಳೆತು ಕರಗಿದ ಟ್ಯೂಮರ್ ಕೀವಿನ ಥರ ಕಾಣುತ್ತೆ.

ನಾನಾದ್ರೆ ಪ್ರೋಬ್ (ಹೊಟ್ಟೆ ಮೇಲೆ ಇಡೋ ಸ್ಕ್ಯಾನ್ ಉಪಕರಣ) ಇಟ್ಟು ಮೊದಲು ಗಡ್ಡೆಯ ಹಿಂಭಾಗ ನೋಡ್ತೀನಿ. ಒಳಗೆ ದ್ರವ ಇದ್ರೆ ಅದರ ಹಿಂದೆ ಬೆಳ್ಳಗೆ ಕಾಣುತ್ತೆ. ರೋಗಿಯ ಮಗ್ಗುಲು ಬದಲಿಸಿದಾಗ ಒಳಗಿನ ಸಣ್ಣ ಚುಕ್ಕೆಗಳು ತೇಲಾಡಿದ್ರೆ ಕೀವಿನ ಕಡೆಗೇ ಮನಸ್ಸು ವಾಲುತ್ತೆ. ಆಮೇಲೆ ಕಲರ್ ಡಾಪ್ಲರ್, ಅಂದ್ರೆ ರಕ್ತದ ಓಟವನ್ನ ಬಣ್ಣದಲ್ಲಿ ತೋರಿಸೋ ಸ್ಕ್ಯಾನ್: ಕೀವಿನ ನಡುವೆ ರಕ್ತದ ಓಟ ಇರಲ್ಲ, ಅಂಚಲ್ಲಿ ಇರಬಹುದು. ಒಳಗೇ ರಕ್ತನಾಳ ಕಂಡ್ರೆ ಟ್ಯೂಮರ್ ಅನುಮಾನ ಹೆಚ್ಚುತ್ತೆ. ತೀರಾ ಸಣ್ಣ ನಾಳಗಳು ಡಾಪ್ಲರ್‌ಗೆ ಸಿಗಲ್ಲ, ಹಾಗಾಗಿ ಅದೊಂದನ್ನೇ ನಂಬಬಾರದು. ಉಳಿದ ಲಿವರ್ ಗಂಟುಗಂಟಾಗಿದ್ರೆ, ಹೆಪಟೈಟಿಸ್ ಬಿ ಇದ್ರೆ ಲೆಕ್ಕಾಚಾರವೇ ಬೇರೆ, ಕ್ಯಾನ್ಸರ್ ಅನುಮಾನ ಹೆಚ್ಚು.

ನೀವು ಹೇಳಿದ ಜ್ವರ, ನೋವು ಎರಡೂ ಸೋಂಕಿನ ಕಡೆ ಬೆರಳು ತೋರಿಸ್ತವೆ. ಆದ್ರೂ ತಡ ಮಾಡಬೇಡಿ, ಇವತ್ತೇ ಆಸ್ಪತ್ರೆಗೆ ತೋರಿಸಿ. ರಕ್ತಪರೀಕ್ಷೆ, ಎಎಫ್‌ಪಿ (ಲಿವರ್ ಕ್ಯಾನ್ಸರ್ ಸುಳಿವು ಕೊಡೋ ರಕ್ತಪರೀಕ್ಷೆ), ಕಾಂಟ್ರಾಸ್ಟ್ ಸಿಟಿ (ಔಷಧಿ ಚುಚ್ಚಿ ಮಾಡೋ ಸಿಟಿ ಸ್ಕ್ಯಾನ್) ಬೇಕಾಗಬಹುದು.

ಪ್ರಶ್ನೆ (ನಾಲ್ಕು ವಾರದ ನಂತರ): ಮೇಡಂ, ಸಿಟಿಯಲ್ಲಿ ಕೀವು ಅಂತಾನೇ ಬಂತು. ಸೂಜಿ ಹಾಕಿ ಚಾಕೊಲೇಟ್ ಬಣ್ಣದ ಕೀವು ತೆಗೆದ್ರು, ಅಮೀಬಾ ಅನ್ನೋ ಸೂಕ್ಷ್ಮಜೀವಿಯ ಸೋಂಕು ಅಂದ್ರು. ಮೆಟ್ರೋನಿಡಜೋಲ್ ಕೊಟ್ಟ ಮೇಲೆ ಜ್ವರ ಬಿಡ್ತು. ಆದ್ರೆ ನಿನ್ನೆ ಸ್ಕ್ಯಾನ್‌ನಲ್ಲಿ ಇನ್ನೂ 4 ಸೆಂ.ಮೀ. ಇದೆ ಅಂದ್ರು. ಮತ್ತೆ ಭಯ ಶುರುವಾಗಿದೆ.

ಉತ್ತರ: ಕೇಳಿ ನಿಜಕ್ಕೂ ಸಮಾಧಾನ ಆಯ್ತು. ರೋಗ ವಾಸಿಯಾದ್ರೂ ಆ ಕುಳಿ ತುಂಬಿಕೊಳ್ಳೋಕೆ ತಿಂಗಳುಗಳೇ ಹಿಡೀತವೆ. ಜ್ವರ ಇಲ್ಲ, ಊಟ ಸೇರ್ತಿದೆ, 6 ಇದ್ದದ್ದು 4 ಆಗಿದೆ ಅಂದ್ರೆ ದಾರಿ ಸರಿಯಾಗಿದೆ. ಮುಂದಿನ ಸ್ಕ್ಯಾನ್‌ಗೆ ಹಳೇ ಫಿಲ್ಮ್ ತಪ್ಪದೇ ಒಯ್ಯಿರಿ, ಹೋಲಿಸಿ ನೋಡದೆ ಹೇಳೋಕಾಗಲ್ಲ. ಕುಗ್ಗೋ ಬದಲು ದೊಡ್ಡದಾದ್ರೆ ಮಾತ್ರ ಬಯಾಪ್ಸಿ (ಚೂರು ತೆಗೆದು ಪರೀಕ್ಷಿಸೋದು) ವಿಚಾರ ಬರುತ್ತೆ. ಇನ್ನೊಂದು: ಕರುಳಲ್ಲಿ ಉಳಿದ ಅಮೀಬಾಗೆ ಬೇರೆ ಮಾತ್ರೆ ಇದೆ, ಡಿಲೋಕ್ಸನೈಡ್ ಥರದ್ದು. ಅದನ್ನ ಕೊಟ್ಟಿದಾರಾ ಅಂತ ನಿಮ್ಮ ಡಾಕ್ಟರನ್ನ ಕೇಳಿ.